ಕಲಬುರಗಿಯಿಂದ ಬೆಂಗಳೂರಿಗೆ 44 ಮಂದಿ, ಕಾಲೇಜ್ ಫುಟ್‌ಬಾಲ್ ಮ್ಯಾಚ್ ನೋಡ್ಲಿಕ್ಕೆ: ರೈಲ್ ಟಿಕೆಟ್ ಹೆಂಗ ಮಾಡೋದು?

ಅಪ್ಪನಕೆರೆ ಕಟ್ಟಿ

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಫುಟ್‌ಬಾಲ್ ಟೀಮ್ ಈ ಸಲ ನಾಕೌಟ್ ಹಂತಕ್ಕ ಹೋಗ್ಯದ. ಮ್ಯಾಚ್ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಾಗ, ಶನಿವಾರ ಮಧ್ಯಾಹ್ನ 3:30ಕ್ಕ. ಇನ್ನೂ 50 ದಿನ ಟೈಮ್ ಅದ. ಸಪೋರ್ಟ್ ಮಾಡ್ಲಿಕ್ಕೆ 44 ಮಂದಿ ಹೆಸರು ಕೊಟ್ಟಾರ: 32 ಹುಡುಗರು, 12 ಹುಡುಗಿಯರು. ಹುಡುಗರೊಳಗ 6 ಮಂದಿ ಯಾದಗಿರಿಯವರು, ಅಲ್ಲೇ ಹತ್ತುತಾರಂತ. ಶುಕ್ರವಾರ ರಾತ್ರಿ ಸ್ಲೀಪರ್‌ನಾಗ ಹೋಗಿ, ಶನಿವಾರ ರಾತ್ರಿನೇ ವಾಪಸ್ ಹೊರಡೋ ವಿಚಾರ.

ಗೊತ್ತಿದ್ದವರು ಇಷ್ಟು ಹೇಳ್ರಿ: 44 ಮಂದಿಗೆ ಒಂದೇ ಗ್ರೂಪ್ ಟಿಕೆಟ್ ಸಿಗ್ತದೇನು? ಸ್ಟೂಡೆಂಟ್ ಕನ್ಸೆಷನ್ ನಡೀತದೇನು? ಇಡೀ ಬೋಗಿ ಬುಕ್ ಮಾಡಬಹುದಂತಾರ, ಅದು ಲಾಭ ಏನು? ನಡುವ ಯಾರಾದ್ರೂ ಬರಲ್ಲ ಅಂದ್ರ ಬ್ಯಾರೆಯವರ ಹೆಸರು ಹಾಕಬಹುದಾ? ಹಲಗಿ, ಬ್ಯಾನರ್ ಒಯ್ಯಬೇಕಂತ ಅದ, ತೊಂದ್ರಿ ಆಗ್ತದೇನು?

ವಾಡಿ ಜಂಕ್ಷನ್

ಮೊದಲ ಮಾತು: ನಾಳೆ ನೋಡೋಣು ಅನಬ್ಯಾಡ್ರಿ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕ ಇಳಿದದ. ನಿಮ್ಮ ತಾರೀಖಿಗೆ ಬುಕಿಂಗ್ ಶುರುವಾಗಿ ಆಗಲೇ ಹತ್ತು ದಿನ ಆತು. ಶುಕ್ರವಾರ ರಾತ್ರಿ ಬೆಂಗಳೂರು ಕಡೆ ಸ್ಲೀಪರ್ ಯಾವಾಗ್ಲೂ ಬೇಗ ತುಂಬ್ತದ.

ಒಂದೇ ಟಿಕೆಟ್‌ನಾಗ 44 ಮಂದಿ ಆಗಲ್ಲ. ಒಂದು ಪಿಎನ್‌ಆರ್‌ಗೆ (ಅಂದ್ರ ಒಂದು ಟಿಕೆಟ್ ನಂಬರಿಗೆ) ಆರೇ ಹೆಸರು, ಆನ್‌ಲೈನ್ ಇರಲಿ ಕೌಂಟರ್ ಇರಲಿ. ತತ್ಕಾಲ್ ಅಂದ್ರ ನಾಲ್ಕೇ. ಹಿಂಗ ಹಂಚಿಕೊಳ್ರಿ: ಹುಡುಗಿಯರದು 6ರಂಗ ಎರಡು ಟಿಕೆಟ್, ಯಾದಗಿರಿಯವರದು 6ರದು ಒಂದು, ಉಳಿದ 26 ಹುಡುಗರನ್ನ 6-6-6-4-4 ಮಾಡ್ರಿ. 6ರಂಗ ನಾಲ್ಕು ಮಾಡಿ ಕಡೀಗೆ ಇಬ್ಬರದೇ ಒಂದು ಟಿಕೆಟ್ ಉಳಿಸಬ್ಯಾಡ್ರಿ, ಆ ಇಬ್ಬರು ಎಲ್ಲೋ ದೂರದ ಬೋಗಿಗೆ ಬೀಳ್ತಾರ. ಒಟ್ಟು ಎಂಟು ಪಿಎನ್‌ಆರ್ ಆತು.

ಇಲ್ಲಿ ಎಲ್ಲರೂ ಸಿಗಬೀಳೋ ಜಾಗ ಒಂದದ. ಐಆರ್‌ಸಿಟಿಸಿ ಐಡಿಗೆ ಆಧಾರ್ ಜೋಡಿಸಿಲ್ಲ ಅಂದ್ರ ತಿಂಗಳಿಗೆ 12 ಟಿಕೆಟ್ಟೇ, ಜೋಡಿಸಿದ್ರ 24. ನಿಮಗ ಹೋಗ್ಲಿಕ್ಕ 8, ಬರ್ಲಿಕ್ಕ 8, ಅಂದ್ರ 16. ಆಧಾರ್ ಜೋಡಿಸದ ಐಡಿಯಿಂದ ಒಬ್ಬನೇ ಕುಂತು ಎಲ್ಲಾ ಬುಕ್ ಮಾಡ್ತೀನಂದ್ರ ವಾಪಸ್ ಟಿಕೆಟ್‌ನಾಗ ನಡುವೇ ನಿಂತು ಹೋಗ್ತದ. ಅದಕ್ಕ ಪ್ರತಿ ಪಿಎನ್‌ಆರ್‌ಗೆ ಒಬ್ಬ ಲೀಡರ್ ಮಾಡ್ರಿ. ಅವನೇ ತನ್ನ ಐಡಿಯಿಂದ ಎರಡೂ ಕಡೆ ಟಿಕೆಟ್ ತೆಗೀಲಿ, ಅವನೇ ಆರು ಮಂದಿ ರೊಕ್ಕ ತಗೊಳ್ಲಿ. ರದ್ದು ಮಾಡಿದ ರೊಕ್ಕ ಯಾವ ಖಾತೆಯಿಂದ ಕಟ್ಟಿದ್ದೋ ಅಲ್ಲಿಗೇ ವಾಪಸ್ ಬರ್ತದ, ಹಂಗಾಗಿ ಲೆಕ್ಕನೂ ಸೀದಾ ಇರ್ತದ.

ರೊಕ್ಕದ ವಿಷಯದಾಗ ಇನ್ನೊಂದು. ಟಿಕೆಟ್ ದರ ಮತ್ತ ಬುಕಿಂಗ್ ಶುಲ್ಕ ಎಷ್ಟೋ ಅಷ್ಟೇ ತಗೋಬೇಕು. ಬ್ಯಾನರ್ ಖರ್ಚಿಗಿರಲಿ ಅಂತ ಟಿಕೆಟ್ ಮ್ಯಾಲ ಇಪ್ಪತ್ತು-ಮೂವತ್ತು ಕೂಡಿಸಿ ವಸೂಲಿ ಮಾಡಬ್ಯಾಡ್ರಿ. ಅನುಮತಿ ಇಲ್ಲದೆ ಟಿಕೆಟ್ ತೆಗೆದುಕೊಡೋ ದಂಧೆ ರೈಲ್ವೆ ಕಾಯ್ದೆಯ ಕಲಂ 143ರ ಅಡಿ ಬರ್ತದ, ಮೂರು ವರ್ಷದ ತನಕ ಜೈಲು, 10,000 ರೂಪಾಯಿ ತನಕ ದಂಡ. ವೈಯಕ್ತಿಕ ಐಡಿಯಿಂದ ಗೆಳೆಯರಿಗೆ ತೆಗೆಯೋದು ತಪ್ಪಲ್ಲ, ಅದರೊಳಗ ಲಾಭ ಇಡೋದು ತಪ್ಪು. ಬ್ಯಾನರ್ ಪಟ್ಟಿ ಬ್ಯಾರೆನೇ ಎತ್ತರಿ.

ಬುಕ್ ಮಾಡೋ ಕ್ರಮ ಹಿಂಗ. ಎಂಟೂ ಲೀಡರ್ ಒಂದೇ ಟೈಮಿಗೆ ಕುಂದ್ರಲಿ, ಆದ್ರ ಮೊದಲು ಒಬ್ಬನೇ ಪೇಮೆಂಟ್ ಮುಗಿಸಲಿ. ಅವನಿಗೆ ಎಸ್5 ಬಂತು ಅಂದ್ಕೋರಿ, ಉಳಿದ ಏಳು ಮಂದಿ ಫಾರ್ಮಿನಾಗ ‘ಪ್ರಿಫರ್ಡ್ ಕೋಚ್’ ಅನ್ನೋ ಕಡೆ ಎಸ್5 ಅಂತ ಹಾಕ್ಲಿ. ಜಾಗ ಇದ್ರ ಅಲ್ಲೇ ಕೊಡ್ತದ. ‘ಆಟೋ ಅಪ್‌ಗ್ರೇಡೇಶನ್’ ಮುಂದಿನ ಟಿಕ್ ಕಡ್ಡಾಯ ತೆಗೀರಿ. ಇಲ್ಲಂದ್ರ ಚಾರ್ಟ್ (ರೈಲಿನ ಕಡೀ ಸೀಟ್ ಪಟ್ಟಿ) ಆಗೋ ಹೊತ್ತಿಗೆ ಒಂದು ಪಿಎನ್‌ಆರ್ ಪೂರಾ ಥರ್ಡ್ ಎಸಿಗೆ ಹೋಗಿ ಕುಂದರ್ತದ. ಒಬ್ಬಂಟಿ ಪ್ರಯಾಣಿಕರಿಗೆ ಅದು ಖುಷಿ, ನಿಮಗ ಗುಂಪು ಒಡೆದಂಗ.

ಹುಡುಗಿಯರ ಎರಡು ಟಿಕೆಟ್‌ನಾಗ ಒಂದಕ್ಕಾದ್ರೂ ‘ಲೇಡೀಸ್’ ಕೋಟಾ ನೋಡ್ರಿ. ದೂರದ ಮೇಲ್-ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್‌ನಾಗ ಹೆಣ್ಣುಮಕ್ಕಳೇ ಹೋಗೋರಿಗೆ ಆರು ಬರ್ತ್ ಮೀಸಲು ಇರ್ತಾವ. ಜನರಲ್‌ನಾಗ ವೇಟಿಂಗ್ ಬಂದಾಗಲೂ ಇಲ್ಲಿ ಸಿಗೋ ಸಂಭವ ಅದ. ಆದ್ರ ಆ ಟಿಕೆಟ್‌ನಾಗ ಒಬ್ಬ ಹುಡುಗನ ಹೆಸರೂ ಸೇರಿಸೋಹಂಗಿಲ್ಲ.

ವೇಟಿಂಗ್ ಬಂದ್ರ ಯಾವ ವೇಟಿಂಗ್ ಅಂತ ನೋಡ್ರಿ. ಜಿಎನ್‌ಡಬ್ಲ್ಯೂಎಲ್ (ಜನರಲ್ ವೇಟಿಂಗ್) ಇದ್ರ ಕನ್ಫರ್ಮ್ ಆಗೋ ಆಸೆ ಹೆಚ್ಚು. ಮುಂಬೈಯಿಂದಲೋ ದಿಲ್ಲಿಯಿಂದಲೋ ಬರೋ ರೈಲಿಗೆ ನಮ್ಮದು ನಡುವಿನ ಸ್ಟೇಷನ್, ಅದಕ್ಕ ಪಿಕ್ಯೂಡಬ್ಲ್ಯೂಎಲ್ ಅಥವಾ ಆರ್‌ಎಲ್‌ಡಬ್ಲ್ಯೂಎಲ್ (ನಡುವಿನ ಸ್ಟೇಷನ್‌ಗಳ ಕೋಟಾದ ವೇಟಿಂಗ್) ಬೀಳೋದು ಹೆಚ್ಚು, ಅವು ನಿಧಾನ ಸರೀತಾವ. ಇ-ಟಿಕೆಟ್‌ನಾಗ ಆರಕ್ಕ ಆರೂ ವೇಟಿಂಗ್‌ನಾಗೇ ಉಳಿದ್ರ ಚಾರ್ಟ್ ಆದಮ್ಯಾಲ ತಾನೇ ರದ್ದಾಗಿ ರೊಕ್ಕ ವಾಪಸ್. ಆ ಟಿಕೆಟ್ ಹಿಡ್ಕೊಂಡು ರೈಲ್ ಹತ್ತಿದ್ರ ಟಿಕೆಟ್ ಇಲ್ಲದವರ ಲೆಕ್ಕ.

ಇಡೀ ಬೋಗಿ ವಿಚಾರ ಬಿಡ್ರಿ. ಅದು ಎಫ್‌ಟಿಆರ್ ಅಂತ ಬ್ಯಾರೆ ವ್ಯವಸ್ಥೆ. ಕನಿಷ್ಠ 30 ದಿನ ಮೊದಲು ಅರ್ಜಿ, ಒಂದು ಬೋಗಿಗೆ 50,000 ರೂಪಾಯಿ ಠೇವಣಿ, ಖಾಲಿ ಬರ್ತಿಗೂ ದರ, ಅದರ ಮ್ಯಾಲ ಸೇವಾ ಶುಲ್ಕ. ಎಲ್‌ಎಚ್‌ಬಿ ಅನ್ನೋ ಹೊಸ ನಮೂನಿ ಸ್ಲೀಪರ್ ಬೋಗಿನಾಗ 80 ಬರ್ತ್ ಇರ್ತಾವ, ನೀವು 44. ಅದೂ ಅಲ್ಲದೆ ಮುಂಬೈಯಿಂದ ಬರೋ ರೈಲು ಕಲಬುರಗಿಯಾಗ ಕೆಲವೇ ನಿಮಿಷ ನಿಲ್ತದ, ಅಷ್ಟರೊಳಗ ಬೋಗಿ ಜೋಡಿಸೋದು ಆಗೋ ಮಾತಲ್ಲ.

ಕನ್ಸೆಷನ್: ವಿದ್ಯಾರ್ಥಿ ರಿಯಾಯಿತಿ ಊರಿಗೆ ಹೋಗಿ ಬರ್ಲಿಕ್ಕ ಮತ್ತ ಶೈಕ್ಷಣಿಕ ಪ್ರವಾಸಕ್ಕ ಅದ. ಮ್ಯಾಚ್ ನೋಡೋದು ಇದರೊಳಗ ಬರಲ್ಲ. ಪ್ರಿನ್ಸಿಪಾಲರ ಕಡೆ ‘ಶೈಕ್ಷಣಿಕ ಪ್ರವಾಸ’ ಅಂತ ಬರೆಸ್ಕೋಬ್ಯಾಡ್ರಿ, ಅದು ಸುಳ್ಳು ದಾಖಲೆ ಆಗ್ತದ. ಆಟಗಾರರ ರಿಯಾಯಿತಿ 2020ರ ಮಾರ್ಚ್‌ನಾಗ ಹಿರಿಯ ನಾಗರಿಕರದ್ದರ ಜೋಡಿನೇ ನಿಂತದ. ಹಂಗಾಗಿ ಪೂರ್ತಿ ದರ ಹಿಡಿದೇ ಲೆಕ್ಕ ಹಾಕ್ರಿ.

ಹೆಸರು ಬದಲಿಗೆ ದಾರಿ ಅದ, ಮಂದಿಗೆ ಗೊತ್ತಿಲ್ಲ. ಮಾನ್ಯತೆ ಇರೋ ಸಂಸ್ಥೆಯ ವಿದ್ಯಾರ್ಥಿಗಳು ಗುಂಪಾಗಿ ಹೊಂಟಿದ್ರ, ರೈಲ್ ಬಿಡೋ 48 ಗಂಟೆ ಮೊದಲು ಸಂಸ್ಥೆಯ ಮುಖ್ಯಸ್ಥರ ಪತ್ರ ಕೊಟ್ಟು ಅದೇ ಸಂಸ್ಥೆಯ ಬ್ಯಾರೆ ವಿದ್ಯಾರ್ಥಿ ಹೆಸರಿಗೆ ಮಾಡಿಸಬಹುದು. ಒಟ್ಟು ಗುಂಪಿನ ಶೇ 10ರಷ್ಟು ಮಾತ್ರ. ನಿಮ್ಮ 44ಕ್ಕ 4 ಹೆಸರು. ಒಂದೇ ಸಲ ಬದಲಿ, ಮತ್ತ ಬದಲಿಯ ಮ್ಯಾಲ ಬದಲಿ ಇಲ್ಲ. ಪತ್ರದಾಗ ಎಂಟೂ ಪಿಎನ್‌ಆರ್, 44 ಹೆಸರು, ತೆಗೆಯೋ ಹೆಸರು, ಹಾಕೋ ಹೆಸರು, ಇಬ್ಬರ ರೋಲ್ ನಂಬರ್, ಸೀಲು-ಸಹಿ ಇರಲಿ. ಅದರ ಜೋಡಿ ಟಿಕೆಟ್ ಪ್ರಿಂಟ್, ಇಬ್ಬರ ಐಡಿ ಜೆರಾಕ್ಸ್ ಹಿಡ್ಕೊಂಡು ಸ್ಟೇಷನ್ನಿನ ರಿಸರ್ವೇಶನ್ ಮೇಲ್ವಿಚಾರಕರ ಹತ್ರ ಹೋಗ್ರಿ. 44 ಮಂದಿನೂ ಒಂದೇ ಗುಂಪು ಅಂತ ತೋರಿಸೋದು ಆ ಪತ್ರನೇ, ಟಿಕೆಟ್ ಅಲ್ಲ. ಶುಕ್ರವಾರ ರಾತ್ರಿ ರೈಲಿಗೆ ಬುಧವಾರ ಮಧ್ಯಾಹ್ನದೊಳಗ ಕೆಲಸ ಮುಗೀಬೇಕು. ಬರೇ ರದ್ದು ಮಾಡೋದಾದ್ರ ಪಿಎನ್‌ಆರ್‌ನಾಗ ಒಬ್ಬರದ್ದೇ ಮಾಡಬಹುದು. ಕನ್ಫರ್ಮ್ ಟಿಕೆಟ್ ಎಷ್ಟು ಮೊದಲು ರದ್ದು ಮಾಡಿದ್ರೂ ತಲೆಗೆ ಇಷ್ಟು ಅಂತ ಹಿಡೀತಾರ, ದಿನ ಹತ್ರ ಬಂದಂಗ ಅದು ಏರ್ತದ.

ಯಾದಗಿರಿ ಗೋಲ್‌ಕೀಪರ್

ಯಾದಗಿರಿ ಹುಡುಗರ ಬಗ್ಗೆ ಒಂದೇ ಮಾತು. ಅವರ ಟಿಕೆಟ್ಟು ಯಾದಗಿರಿಯಿಂದಲೇ ತೆಗೀರಿ, ಇಲ್ಲಾ ಕಲಬುರಗಿಯಿಂದ ತೆಗೆದು ಬೋರ್ಡಿಂಗ್ ಸ್ಟೇಷನ್ ಯಾದಗಿರಿ ಅಂತ ಬದಲಿಸ್ರಿ. ಎರಡನೇದು ಮಾಡೋದಾದ್ರ ಆ ಪಿಎನ್‌ಆರ್ ಪೂರಾ ಬದಲಾಗ್ತದ, ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಇಡ್ಲಿಕ್ಕ ಬರಂಗಿಲ್ಲ. ಅದಕ್ಕೇ ಮ್ಯಾಲ ಹೇಳಿದಂಗ ಆರೂ ಮಂದಿ ಒಂದೇ ಟಿಕೆಟ್‌ನಾಗ ಇರಬೇಕು. ಬದಲಿಸಿದ ಮ್ಯಾಲ ಕಲಬುರಗಿಯಾಗ ಹತ್ತೋ ಹಕ್ಕು ಇರಲ್ಲ.

ಬದಲಿಸದೇ “ಯಾದಗಿರಿ ಬರೋತನಕ ಸೀಟ್ ನಾವೇ ಹಿಡಿದಿರ್ತೀವಿ” ಅನ್ನೋದು ಭಾಳ ಮಂದಿ ಮಾಡ್ತಾರ. ಟಿಟಿಇ ಬಂದು ನೋಡ್ತಾರ, ಆರೂ ಮಂದಿ ಬಂದಿಲ್ಲ ಅಂತ ಹಚ್ಚಿ ಬರ್ತ್‌ಗಳನ್ನ ಆರ್‌ಎಸಿಯವರಿಗೆ (ಪೂರಾ ಬರ್ತ್ ಸಿಗದೆ ಕುಂತು ಹೊಂಟವರಿಗೆ) ಕೊಡ್ತಾರ. ಆಮ್ಯಾಲ ಹತ್ತಿದವರು ವಾದ ಮಾಡಿ ಉಪಯೋಗ ಇಲ್ಲ, ನಿಯಮ ಅವರ ಕಡೆ ಅದ.

ಯಾದಗಿರಿಯಾಗ ನಿಲುಗಡೆ ಭಾಳ ಕಡಿಮೆ. ಕೋಚ್ ಎಲ್ಲಿ ನಿಲ್ತದ ಅಂತ ಮೊದಲೇ ಬೋರ್ಡ್ ನೋಡಿ ಅಲ್ಲೇ ನಿಂತಿರ್ರಿ. ಕಲಬುರಗಿಯಾಗೂ 38 ಮಂದಿ ಒಂದೇ ಬಾಗಿಲಿಗೆ ಮುಗಿಬೀಳೋದು ಬ್ಯಾಡ. ಬರ್ತ್ ನಂಬರ್ ಚಿಕ್ಕದಿದ್ದವರು ಒಂದು ಬಾಗಿಲು, ದೊಡ್ಡದಿದ್ದವರು ಇನ್ನೊಂದು. ಯಾರೋ ಒಬ್ಬ ನೀರು ತರ್ಲಿಕ್ಕ ಹೋದ ಅಂತ ಚೈನ್ ಎಳೆಯೋ ಹುಡುಗರು ಗುಂಪಿನಾಗ ಇದ್ದೇ ಇರ್ತಾರ, ಮೊದಲೇ ಹೇಳಿ ಇಡ್ರಿ: ಕಲಂ 141, ಒಂದು ವರ್ಷದ ತನಕ ಜೈಲು ಇಲ್ಲಾ 1,000 ರೂಪಾಯಿ ತನಕ ದಂಡ. ತಪ್ಪಿಸ್ಕೊಂಡವನು ಮುಂದಿನ ರೈಲಿಗೆ ಬರಲಿ.

ಶಿವಾಜಿನಗರದ ಬಸ್

ಬೆಂಗಳೂರಿನ ಕಡೆಯ ಲೆಕ್ಕ ನಾನು ಹೇಳ್ತೀನಿ. ಯಾವ ಸ್ಟೇಷನ್ನಿಗೆ ಬರುವ ರೈಲು ಅನ್ನೋದು ಮುಖ್ಯ.

ಉದ್ಯಾನ್ ಎಕ್ಸ್‌ಪ್ರೆಸ್ ಸಂಜೆ ಕಲಬುರಗಿ ಬಿಟ್ಟು ಬೆಳಗ್ಗೆ ಕೆಎಸ್‌ಆರ್ ಬೆಂಗಳೂರಿಗೆ, ಅಂದರೆ ಮೆಜೆಸ್ಟಿಕ್‌ಗೆ ಬರುತ್ತೆ. ಸೊಲ್ಲಾಪುರ–ಹಾಸನ ರೈಲು ಯಶವಂತಪುರದ ಮೇಲೆ ಹೋಗುತ್ತೆ. ಸ್ಟೇಡಿಯಂಗೆ ಹೋಗೋರಿಗೆ ಕೆಎಸ್‌ಆರ್ ಒಳ್ಳೆಯದು, ಯಾಕೆಂದರೆ ಸ್ಟೇಷನ್ನಿನ ಹಿಂಬದಿಯಲ್ಲೇ ನೇರಳೆ ಮಾರ್ಗದ ಮೆಟ್ರೊ ಇದೆ. ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್ ದಾಟಿ ಐದನೆಯದು ಎಂ.ಜಿ. ರಸ್ತೆ. ಅಲ್ಲಿಂದ ಅಶೋಕನಗರದ ಮೈದಾನಕ್ಕೆ ನಡೆದೇ ಹೋಗಬಹುದು. ಮೊಬೈಲ್ ಕ್ಯೂಆರ್ ಟಿಕೆಟ್‌ನಲ್ಲಿ ಆರು ಜನರವರೆಗೆ ಒಂದೇ ಟಿಕೆಟ್ ತೆಗೆಯಬಹುದು, ರೈಲಿನ ಗುಂಪುಗಳನ್ನೇ ಇಲ್ಲೂ ಇಟ್ಟುಕೊಳ್ಳಿ. ಕೌಂಟರ್ ಮುಂದೆ 44 ಜನ ಸಾಲು ನಿಂತರೆ ಅರ್ಧ ಗಂಟೆ ಅಲ್ಲೇ ಹೋಗುತ್ತೆ.

ವಂದೇ ಭಾರತ್ ಬಗ್ಗೆ ಯಾರಾದರೂ ಹೇಳಿದರೆ ಬೇಡ ಅನ್ನಿ. 2024ರ ಮಾರ್ಚ್‌ನಲ್ಲಿ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಬೆಳಗಿನ ಜಾವ ಹೊರಟು ಮಧ್ಯಾಹ್ನ ಎರಡರ ಹೊತ್ತಿಗೆ ಬರುತ್ತೆ, ಅದೂ ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ಸ್ಟೇಷನ್ನಿಗೆ. 3:30ರ ಮ್ಯಾಚ್‌ಗೆ ಅದು ಒಂದು ಗಂಟೆ ತಡವಾದರೂ ಮುಗಿಯಿತು. ಅದರಲ್ಲಿ ಕೂರುವ ಸೀಟು ಮಾತ್ರ, ದರವೂ ಸ್ಲೀಪರ್‌ಗಿಂತ ತುಂಬಾ ಹೆಚ್ಚು.

ವಾಪಸ್ ಹೊರಡುವ ಲೆಕ್ಕ ಇನ್ನೂ ಸೂಕ್ಷ್ಮ. ನಾಕೌಟ್ ಮ್ಯಾಚ್ ಅಂದಿದ್ದೀರಿ. 3:30ಕ್ಕೆ ಶುರುವಾದರೆ 45 ನಿಮಿಷ, 15 ನಿಮಿಷ ಬಿಡುವು, ಮತ್ತೆ 45, ಗಾಯ-ಬದಲಾವಣೆಯ ಹೆಚ್ಚುವರಿ ಸೇರಿ 5:25. ಸಮಬಲ ಆದರೆ ಎರಡು 15 ನಿಮಿಷದ ಹೆಚ್ಚುವರಿ ಅವಧಿ, ಆರು ಗಂಟೆ. ಪೆನಾಲ್ಟಿಗೆ ಹೋದರೆ 6:15. ಅದೇ ಮೈದಾನದಲ್ಲಿ ಹಿಂದಿನ ಮ್ಯಾಚ್ ಇದ್ದರೆ ನಿಮ್ಮದು ಅರ್ಧ ಗಂಟೆ ತಡವಾಗಿ ಶುರುವಾಗೋದು ಮಾಮೂಲಿ, ಆಗ 6:45. ಕೆಲವು ಕಾಲೇಜು ಟೂರ್ನಿಗಳಲ್ಲಿ ಅವಧಿ ಕಡಿಮೆ ಇರುತ್ತೆ, ಹೆಚ್ಚುವರಿ ಅವಧಿ ಬಿಟ್ಟು ನೇರ ಪೆನಾಲ್ಟಿಗೆ ಹೋಗುತ್ತಾರೆ. ಟೀಮ್ ಮ್ಯಾನೇಜರ್ ಹತ್ತಿರ ಟೂರ್ನಿಯ ನಿಯಮದ ಹಾಳೆ ಇರುತ್ತೆ, ಟಿಕೆಟ್ ತೆಗೆಯುವ ಮೊದಲು ಅದನ್ನು ಓದಿ.

ಈ ಲೆಕ್ಕದಲ್ಲಿ ಸಂಜೆ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ನಿಮಗೆ ಆಗಲ್ಲ. ರಾತ್ರಿ ಎಂಟು ದಾಟಿದ ಮೇಲೆ ಕೆಎಸ್‌ಆರ್‌ನಿಂದ ಹೊರಡುವ ಉದ್ಯಾನ್ ಸರಿ. ಏಳು ಗಂಟೆಗೆ ಮೈದಾನ ಬಿಡಲೇಬೇಕು, ಫಲಿತಾಂಶ ಏನೇ ಆಗಲಿ. ಶನಿವಾರ ಸಂಜೆ ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆ ಕಡೆ ಆಟೊ ಹತ್ತಿದರೆ ಮೆಜೆಸ್ಟಿಕ್ ತಲುಪೋದು ಯಾವಾಗ ಅಂತ ಯಾರೂ ಹೇಳಲಾರರು. ಮೆಟ್ರೊದಲ್ಲೇ ವಾಪಸ್ ಬನ್ನಿ. ಸೋತ ದಿನ ಹುಡುಗರು ಆಟಗಾರರ ಜೊತೆ ಮಾತಾಡುತ್ತಾ ನಿಲ್ಲುತ್ತಾರೆ, ಗೆದ್ದ ದಿನ ಕುಣಿಯುತ್ತಾ ನಿಲ್ಲುತ್ತಾರೆ. ಎರಡೂ ಬೇಕು, ಆದರೆ ಆ ಸಮಯವನ್ನು ಲೆಕ್ಕದಲ್ಲಿ ಮೊದಲೇ ಇಟ್ಟಿರಬೇಕು.

ಬೆಳಗ್ಗೆ ಎಂಟರಿಂದ ಮ್ಯಾಚ್ ತನಕ 44 ಜನ ಎಲ್ಲಿರುತ್ತಾರೆ? ಸ್ಟೇಷನ್ನಿನ ಡಾರ್ಮಿಟರಿ ಇಷ್ಟು ಜನಕ್ಕೆ ಸಾಲಲ್ಲ. ಆತಿಥ್ಯ ವಹಿಸುವ ಕಾಲೇಜಿಗೆ ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರಿಂದ ಪತ್ರ ಬರೆಸಿ, ಸ್ನಾನಕ್ಕೂ ಬ್ಯಾಗ್ ಇಡೋಕೂ ಎರಡು ಕೊಠಡಿ ಕೇಳಿ. ಹುಡುಗಿಯರಿಗೆ ಬೇರೆ ಕೊಠಡಿ ಅಂತ ಪತ್ರದಲ್ಲೇ ಬರೆಸಿ.

ಹಲಗಿ ಮೇಳ

ಹಲಗಿ ಒಯ್ರಿ, ಅದಿಲ್ಲದ ಸಪೋರ್ಟ್ ಎಂಥಾದ್ದು! ಆದ್ರ ಯಾವ ಹಲಗಿ ಅನ್ನೋದು ನೋಡ್ರಿ. ಚರ್ಮದ ಹಲಗಿ ಬೆಂಗಳೂರಿನ ತಂಪಿಗೆ, ಮೋಡ-ಮಳಿ ಇದ್ರಂತೂ ಮೆತ್ತಗಾಗಿ ನಾದ ಬಿಟ್ಟುಬಿಡ್ತದ. ನಮ್ಮ ಕಡೆ ಹುಲ್ಲು-ಕಾಗದ ಉರಿ ಹಚ್ಚಿ ಕಾಸಿ ಬಿಗಿ ಮಾಡ್ತಾರ. ಸ್ಟೇಡಿಯಂನಾಗ ಉರಿ ಹಚ್ಚಲಿಕ್ಕ ಬಿಡಲ್ಲ, ರೈಲಿನಾಗಂತೂ ಬೆಂಕಿ ಮಾತೇ ಬ್ಯಾಡ. ಹಂಗಾಗಿ ಫೈಬರ್ ಹಾಳಿಯ ಹಲಗಿ ನಾಲ್ಕು ಸಾಕು. ಹಾಳಿ ಹರಿದ್ರ ಬದಲಿಗೆ ಒಂದು ಹೆಚ್ಚಿಗಿ ಇರಲಿ. ಬಡಿಯೋ ಕಡ್ಡಿ ಎರಡು ಜೋಡಿ ಜಾಸ್ತಿ, ಮೊದಲು ಮುರಿಯೋದೇ ಸಣ್ಣ ಕಡ್ಡಿ. ಚೀಲದಾಗ ಹಾಕುವಾಗ ಹಲಗಿ ಮುಖಕ್ಕ ಮುಖ ಹಚ್ಚಿ ನಡುವ ಟವೆಲ್ ಇಡ್ರಿ.

ರೈಲಿನಾಗ ಬಾರಿಸಬ್ಯಾಡ್ರಿ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಗದ್ದಲ, ಜೋರು ಹಾಡು, ಗುಂಪಿನ ಹರಟೆ ಎಲ್ಲಕ್ಕೂ ನಿರ್ಬಂಧ ಅದ. ಹತ್ತಕ್ಕಿಂತ ಮೊದಲೂ ಇಡೀ ಬೋಗಿ ನಿಮ್ಮದಲ್ಲ. ಕುಡಿದು ಅಥವಾ ಗದ್ದಲ ಮಾಡಿ ಮಂದಿಗೆ ತ್ರಾಸ ಕೊಟ್ರ ಕಲಂ 145: ಕೆಳಗ ಇಳಿಸಬಹುದು, ಆರು ತಿಂಗಳ ತನಕ ಜೈಲು, 500 ರೂಪಾಯಿ ತನಕ ದಂಡ. ಯಾರಾದ್ರೂ ರೈಲ್ವೆ ಸಹಾಯವಾಣಿ 139ಕ್ಕ ಫೋನ್ ಮಾಡಿದ್ರ ಮುಂದಿನ ಸ್ಟೇಷನ್‌ನಾಗ ಆರ್‌ಪಿಎಫ್‌ನವರು ಬರ್ತಾರ. ಆಗ ಬಾರಿಸಿದವನು ಒಬ್ಬ, ವಿಚಾರಣೆ ಆರೂ ಮಂದಿಗೆ. ಸೈಡ್ ಬರ್ತಿನಾಗ ಇರೋ ಬ್ಯಾರೆಯವರನ್ನ “ಅಂಕಲ್, ಆ ಕಡೆ ಹೋಗ್ರಿ” ಅಂತ ಒತ್ತಾಯ ಮಾಡೋದೂ ಜಗಳಕ್ಕ ಮೂಲ. ಒಂದು ಸಲ ವಿನಂತಿ ಮಾಡ್ರಿ, ಒಲ್ಲೆ ಅಂದ್ರ ಬಿಡ್ರಿ.

ಪಟಾಕಿ, ಬಣ್ಣದ ಹೊಗೆ ಡಬ್ಬಿ ಯಾರ ಚೀಲದಾಗೂ ಇರಬಾರ್ದು. ಅಪಾಯಕಾರಿ ವಸ್ತು ಒಯ್ಯೋದಕ್ಕ ಕಲಂ 164ರಾಗ ಮೂರು ವರ್ಷದ ತನಕ ಜೈಲು ಅದ. ಲೀಡರ್‌ಗಳು ಸ್ಟೇಷನ್ನಿಗೆ ಹೋಗೋ ಮೊದಲು ಚೀಲ ನೋಡೇಬಿಡ್ರಿ.

ಬ್ಯಾನರ್: ಫ್ಲೆಕ್ಸ್ ಮಡಚಿದ್ರ ಮಡಿಕಿ ಬಿದ್ದಲ್ಲಿ ಬಣ್ಣ ಒಡೀತದ, ಫೋಟೊದಾಗ ಬಿಳಿ ಗೀಟು ಕಾಣ್ತದ. 10 ಅಡಿ ಉದ್ದ, 3 ಅಡಿ ಅಗಲ ಮಾಡಿಸಿ ಸುರುಳಿ ಸುತ್ತರಿ. ಸುರುಳಿ 3 ಅಡಿನೇ ಆಗ್ತದ, ಕೆಳಗಿನ ಬರ್ತಿನ ತಳಕ್ಕ ಸಲೀಸು. ನಾಲ್ಕೂ ಮೂಲಿಗೆ ಲೋಹದ ಕಣ್ಣು ಹಾಕಿಸಿ ನೈಲಾನ್ ದಾರ ಕಟ್ರಿ. ಬಿದಿರು ಕೋಲು, ಕಬ್ಬಿಣ ಪೈಪು ಬ್ಯಾಡ. ಮೆಟ್ರೊ ತಪಾಸಣೆಯಾಗ ಅಲ್ಲೇ ತೆಗೆದಿಡ್ತಾರ.

ಊಟಕ್ಕ ಖಡಕ್ ರೊಟ್ಟಿ ಬಿಟ್ಟು ಬ್ಯಾರೆ ವಿಚಾರ ಯಾಕ? ತಲೆಗೆ ಒಂದು ಹೊತ್ತಿಗೆ 3, ಹೋಗುವಾಗ ಬರುವಾಗ ಎರಡು ಹೊತ್ತು, 264 ಆತು, 280 ಹೇಳ್ರಿ. ಮುರಿಯೋವು ಇದ್ದೇ ಇರ್ತಾವ. ಚೀಲದಾಗ ತುಂಬಬ್ಯಾಡ್ರಿ, ರಟ್ಟಿನ ಡಬ್ಬಿಯಾಗ ನಿಲ್ಲಿಸಿ ಜೋಡಿಸ್ರಿ. ಶೇಂಗಾ ಚಟ್ನಿ ಎರಡೂವರೆ ಕಿಲೊ, ಒಣಾದ್ದು. ಹೋಗುವಾಗಿನ ರಾತ್ರಿಗೆ ಪುಂಡಿಪಲ್ಯ, ಎಣ್ಣೆಗಾಯಿ ನಡೀತಾವ, ವಾಪಸ್ ಹೊತ್ತಿಗೆ ಅದೇ ಪಲ್ಯ ಇಡಬ್ಯಾಡ್ರಿ, ಹಳಸ್ತದ. ಆಗ ಚಟ್ನಿ, ಉಳ್ಳಾಗಡ್ಡಿ, ಶೇಂಗಾ ಹೋಳಿಗಿ ಸಾಕು. ಕಸಕ್ಕ ದೊಡ್ಡ ಚೀಲ ನಾಲ್ಕು ಇರಲಿ.

ಅಪ್ಪನಕೆರೆ ಕಟ್ಟಿ

ಭಾಳ ಉಪಕಾರ ಆತ್ರಿ ಎಲ್ಲರದು. ಇವತ್ತೇ ಲೀಡರ್‌ಗಳನ್ನ ಕೂಡಿಸ್ತೀವಿ. ಇನ್ನೆರಡು ಕೇಳೋದು ಉಳೀತು. ಬೀದರ್ ಕಾಲೇಜಿನ ಗೆಳೆಯರು ಐದು ಮಂದಿ ಡೆಮು ರೈಲಿಗೆ ಕಲಬುರಗಿಗೆ ಬಂದು ನಮ್ಮ ಜೋಡಿ ಹತ್ತುತೀವಿ ಅಂತಾರ, ನಡೀತದಾ? ಮತ್ತ ಐಡಿ ಎಲ್ಲರದೂ ಬೇಕಾ?

ವಾಡಿ ಜಂಕ್ಷನ್

ನಡೀತದ, ಆದ್ರ ನಡುವ ಎರಡು ತಾಸಾದ್ರೂ ಅಂತರ ಇರೋ ಡೆಮು ಹಿಡೀಲಿ. 2017ರಾಗ ಬೀದರ್–ಕಲಬುರಗಿ ಮಾರ್ಗ ಆದಾಗಿಂದ ಈ ದಾರಿ ಸಲೀಸು ಆಗ್ಯದ ಖರೆ, ಆದ್ರ ಡೆಮು ಟಿಕೆಟ್ ರಿಸರ್ವೇಶನ್ ಇಲ್ಲದ್ದು. ಎರಡು ರಿಸರ್ವ್ ಟಿಕೆಟ್ ಇದ್ರ ಪಿಎನ್‌ಆರ್ ಜೋಡಿಸಬಹುದು, ಮೊದಲ ರೈಲು ತಡವಾಗಿ ಎರಡನೇದು ತಪ್ಪಿದ್ರ ರೊಕ್ಕ ಕೇಳ್ಲಿಕ್ಕ ಬರ್ತದ. ಡೆಮು ತಡವಾದ್ರ ಅದಿಲ್ಲ, ಪೂರಾ ಲುಕ್ಸಾನ ಅವರದೇ. ಅವರ ಐದು ಹೆಸರಿಗೆ ಬ್ಯಾರೆ ಪಿಎನ್‌ಆರ್ ಮಾಡಿಸ್ರಿ. ಬ್ಯಾರೆ ಕಾಲೇಜಿನವರು ಅಂದಮ್ಯಾಲ ನಿಮ್ಮ ಪ್ರಿನ್ಸಿಪಾಲರ ಪತ್ರದಾಗ ಅವರ ಹೆಸರು ಸೇರಿಸಬ್ಯಾಡ್ರಿ, ಹೆಸರು ಬದಲಿ ಅರ್ಜಿನೇ ಬಿದ್ದುಹೋಗ್ತದ.

ಐಡಿ: ನಿಯಮದ ಪ್ರಕಾರ ಇ-ಟಿಕೆಟ್‌ನಾಗ ಪ್ರತಿ ಪಿಎನ್‌ಆರ್‌ಗೆ ಒಬ್ಬರು ಅಸಲಿ ಐಡಿ ತೋರಿಸಬೇಕು. ಫೋಟೊ ಇರೋ ಕಾಲೇಜ್ ಐಡಿ ನಡೀತದ, ಆಧಾರೂ ನಡೀತದ. ಫೋನಿನಾಗ ಆಧಾರ್ ಫೋಟೊ ತೆಗೆದು ಇಟ್ಟಿದ್ದು ನಡೆಯಂಗಿಲ್ಲ, ಡಿಜಿಲಾಕರ್ ಒಳಗಿನದು ನಡೀತದ. ನಿಯಮ ಒಬ್ಬರದೇ ಅಂದ್ರೂ 44 ಮಂದಿನೂ ಕಾಲೇಜ್ ಐಡಿ ಇಟ್ಕೊಳ್ಳಲಿ. ಬೆಂಗಳೂರಿನಾಗ ಸ್ಟೇಡಿಯಂ ಗೇಟಿನಲ್ಲಿ ನಿಮ್ಮ ಕಾಲೇಜಿನ ಗ್ಯಾಲರಿಗೆ ಬಿಡೋದು ಅದನ್ನ ನೋಡೇ.